ಪದೇಪದೇ ಕೀಲು ತಪ್ಪುವ ಬೆರಳು: ಓಟ ಬಿಟ್ಟ ಗ್ರೇಹೌಂಡ್ ಸಾಕಿದವರು ತಿಳಿದಿರಬೇಕಾದ್ದು

ಗ್ರೇಹೌಂಡ್ ನಾಯಿಗಳ ಓಟದ ಪಂದ್ಯಗಳು ಒಂದೊಂದೇ ಊರಿನಲ್ಲಿ ಬಾಗಿಲು ಹಾಕುತ್ತಿವೆ. ಅಮೆರಿಕದ ಫ್ಲಾರಿಡಾದಲ್ಲಿ 2018ರ ಮತದಾನದ ತೀರ್ಪಿನಂತೆ 2020ರ ಕೊನೆಗೆ ಓಟ ನಿಂತಿತು. ನ್ಯೂಜಿಲೆಂಡ್ ಸರ್ಕಾರ 2024ರ ಡಿಸೆಂಬರ್‌ನಲ್ಲಿ, ವೇಲ್ಸ್ ಸರ್ಕಾರ 2025ರ ಫೆಬ್ರವರಿಯಲ್ಲಿ ನಿಷೇಧದ ನಿರ್ಧಾರ ಪ್ರಕಟಿಸಿದವು. ಟ್ರ್ಯಾಕ್ ಮುಚ್ಚಿದಾಗ ನಾಯಿಗಳಿಗೆ ಬೇಕಾಗುವುದು ಮನೆ. ಆ ದೇಶಗಳಲ್ಲಿ ನೆಲೆಸಿದ ಕನ್ನಡಿಗರು ನಾಯಿ ತರಬೇಕೆಂದು ದತ್ತು ಕೇಂದ್ರಕ್ಕೆ ಹೋದರೆ, ಉದ್ದ ಕಾಲಿನ, ಸಣ್ಣ ಸೊಂಟದ, ಸಂಕೋಚದ ಕಣ್ಣಿನ ಈ ಪ್ರಾಣಿ ಎದುರಾಗುವ ಸಾಧ್ಯತೆ ಹೆಚ್ಚು.

ಓಟದ ನಾಯಿ ಸಾಮಾನ್ಯವಾಗಿ ಎರಡರಿಂದ ಐದು ವರ್ಷದೊಳಗೆ ನಿವೃತ್ತಿಯಾಗುತ್ತದೆ. ಆಮೇಲೂ ಏಳೆಂಟು ವರ್ಷ ಬದುಕುತ್ತದೆ. ಆ ವರ್ಷಗಳಲ್ಲಿ ಹಳೆಯ ಗಾಯಗಳು ಒಂದೊಂದಾಗಿ ತಲೆ ಎತ್ತುತ್ತವೆ. ಅವುಗಳಲ್ಲಿ ಒಂದು ಬೆರಳಿನ ಕೀಲು ತಪ್ಪುವುದು. ಹಿತ್ತಲಲ್ಲಿ ಎರಡು ಸುತ್ತು ಓಡಿದ ನಾಯಿ ಕಿರುಚಿ ನಿಂತು ಕಾಲೆತ್ತುತ್ತದೆ. ನೋಡಿದರೆ ಒಂದು ಬೆರಳು ಪಕ್ಕಕ್ಕೆ ವಾಲಿದೆ. ವೈದ್ಯರು ಕೂರಿಸಿ ಕಟ್ಟು ಹಾಕುತ್ತಾರೆ. ಎರಡು ತಿಂಗಳಾದ ಮೇಲೆ ಅದೇ ಬೆರಳು, ಅದೇ ಕಿರುಚಾಟ. ಯಾಕೆ ಹೀಗಾಗುತ್ತದೆ ಎಂದು ತಿಳಿಯಬೇಕಾದರೆ ಬೆರಳಿನೊಳಗೆ ಇಣುಕಬೇಕು.

ಬಾಗಿಲಿಗೂ ಕೀಲು, ಬೆರಳಿಗೂ ಕೀಲು

ನಾಯಿ ನಿಲ್ಲುವುದು ಅಂಗಾಲಿನ ಮೇಲಲ್ಲ, ಬೆರಳುಗಳ ಮೇಲೆ. ಪ್ರತಿ ಪಾದದಲ್ಲಿ ನೆಲ ಮುಟ್ಟುವ ಬೆರಳು ನಾಲ್ಕು. ಮುಂಗಾಲಿನ ಒಳಬದಿಯಲ್ಲಿ ಮೇಲಕ್ಕೆ ಅಂಟಿಕೊಂಡ ಹೆಬ್ಬೆರಳಿನ ಕುರುಹನ್ನು ವೈದ್ಯರು 1 ಎಂದು ಎಣಿಸುತ್ತಾರೆ. ಉಳಿದವು ಒಳಗಿನಿಂದ ಹೊರಕ್ಕೆ 2, 3, 4, 5. ಈ ಸಂಖ್ಯೆ ನೆನಪಿರಲಿ, ಚೀಟಿಯಲ್ಲಿ ಬರೆಯುವುದು ಇದನ್ನೇ. ನಡುವಿನ 3 ಮತ್ತು 4 ಮೈಭಾರದ ದೊಡ್ಡ ಪಾಲನ್ನು ಹೊರುತ್ತವೆ. ಅಂಚಿನ 2 ಮತ್ತು 5 ತಿರುವಿನಲ್ಲಿ ಆಧಾರ ಕೊಡುತ್ತವೆ.

ಒಂದೊಂದು ಬೆರಳಿನಲ್ಲಿ ಮೂರು ಎಲುಬು, ನಮ್ಮ ತೋರುಬೆರಳಿನಂತೆಯೇ. ಕೊನೆಯ ಎಲುಬಿಗೆ ಉಗುರು ಅಂಟಿದೆ. ಆದ್ದರಿಂದ ಕೀಲೂ ಮೂರು: ಬೆರಳು ಪಾದಕ್ಕೆ ಸೇರುವ ಬುಡದ ಕೀಲು, ಮೇಲಕ್ಕೆ ಉಬ್ಬಿ ಕಾಣುವ ಮಧ್ಯದ ಗೆಣ್ಣು, ಉಗುರಿನ ಹಿಂದಿನ ತುದಿಯ ಕೀಲು. ಗ್ರೇಹೌಂಡಿನಲ್ಲಿ ಹೆಚ್ಚಾಗಿ ತಪ್ಪುವುದು ಮಧ್ಯದ ಗೆಣ್ಣು, ಆಮೇಲೆ ತುದಿಯದು. ಇಂಗ್ಲಿಷ್ ಮಾತನಾಡುವ ತರಬೇತುದಾರರ ಬಾಯಲ್ಲಿ ಇದಕ್ಕೆ ‘ಸ್ಪ್ರಂಗ್ ಟೋ’ ಎಂಬ ಹೆಸರಿದೆ.

ಕನ್ನಡದಲ್ಲಿ ಬಾಗಿಲಿನದಕ್ಕೂ ಮೈಯದಕ್ಕೂ ಕೀಲು ಎಂಬ ಒಂದೇ ಮಾತು ಇರುವುದು ಇಲ್ಲಿ ಅನುಕೂಲಕ್ಕೆ ಬರುತ್ತದೆ. ಬಾಗಿಲಿನ ಹಾಗೆ ಬೆರಳ ಗೆಣ್ಣೂ ಒಂದೇ ದಿಕ್ಕಿನಲ್ಲಿ ಮಡಚಬೇಕು, ಪಕ್ಕಕ್ಕೆ ವಾಲಬಾರದು. ವಾಲದಂತೆ ತಡೆಯುವುದು ಎಡಬಲಗಳಲ್ಲಿ ಎಲುಬಿನಿಂದ ಎಲುಬಿಗೆ ಬಿಗಿದ ಎರಡು ಗಟ್ಟಿ ಪಟ್ಟಿಗಳು, ಅಂದರೆ ಲಿಗಮೆಂಟ್‌ಗಳು. ಸುತ್ತ ಒಂದು ತೆಳು ಚೀಲ ಕೀಲನ್ನು ಮುಚ್ಚಿರುತ್ತದೆ. ಎಲುಬುಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ. ಬೆರಳನ್ನು ಮಡಚುವ, ನೆಟ್ಟಗೆ ಮಾಡುವ ಕೆಲಸ ಮೇಲೆ ಕೆಳಗೆ ಹಾದುಹೋಗುವ ಸ್ನಾಯುರಜ್ಜುಗಳದ್ದು. ಅವು ಬೇರೆ, ಪಕ್ಕದ ಲಿಗಮೆಂಟ್ ಬೇರೆ. ಇವೆರಡನ್ನು ಬೆರೆಸಿ ಮಾತಾಡಿದರೆ ಚಿಕಿತ್ಸೆಯೂ ಬೆರೆತುಹೋಗುತ್ತದೆ.

ಯಾವ ಬೆರಳು, ಯಾಕೆ ಅದೇ

ಬ್ರಿಟನ್, ಅಮೆರಿಕದ ಟ್ರ್ಯಾಕ್‌ಗಳಲ್ಲಿ ನಾಯಿಗಳು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಓಡುತ್ತವೆ. ಗಂಟೆಗೆ 60 ಕಿಲೋಮೀಟರ್ ಸುಮಾರಿನ ವೇಗದಲ್ಲಿ ಪ್ರತಿ ತಿರುವೂ ಎಡಕ್ಕೆ. ವೇಗವಾಗಿ ತಿರುಗುವ ಸೈಕಲ್ಲಿನಂತೆ ನಾಯಿಯೂ ಒಳಕ್ಕೆ ವಾಲುತ್ತದೆ. ಆಗ ಪ್ರತಿ ಪಾದದ ಎಡ ಅಂಚಿನ ಬೆರಳು ನೆಲವನ್ನು ಅಗೆದು ಹಿಡಿಯಬೇಕು. ಎಡ ಮುಂಗಾಲಿನಲ್ಲಿ ಆ ಅಂಚಿನ ಬೆರಳು 5, ಬಲ ಮುಂಗಾಲಿನಲ್ಲಿ 2. ಓಟದ ನಾಯಿಗಳಲ್ಲಿ ಹೆಚ್ಚು ಪೆಟ್ಟು ತಿನ್ನುವುದೂ ಈ ಎರಡೇ.

ದತ್ತು ತಂದ ನಾಯಿಯಲ್ಲಿ ಈ ಎರಡು ಬೆರಳನ್ನು ಮೊದಲ ವಾರವೇ ಮುಟ್ಟಿ ನೋಡಿ, ಇನ್ನೊಂದು ಕಾಲಿನ ಅದೇ ಬೆರಳಿನ ಜೊತೆ ಹೋಲಿಸಿ. ಗೆಣ್ಣು ದಪ್ಪಗಾಗಿದೆಯೇ? ಉಗುರು ಬೇರೆಯವುಗಳ ಸಾಲು ಬಿಟ್ಟು ಹೊರಳಿದೆಯೇ? ಮೆಲ್ಲಗೆ ಪಕ್ಕಕ್ಕೆ ಒತ್ತಿದರೆ ಹೆಚ್ಚು ಆಡುತ್ತದೆಯೇ? ಇದ್ದರೆ ಅದು ಹಳೆಯ ಗಾಯ. ವಿಮೆ ಮಾಡಿಸುವವರಿಗೂ ಈ ಪರೀಕ್ಷೆ ಮುಖ್ಯ: ಮೊದಲೇ ಇದ್ದ ತೊಂದರೆಗೆ ವಿಮೆ ಕಂಪನಿಗಳು ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ‘ಮುಂಗಾಲು ಕುಂಟು’ ಎಂದು ಮೊಗಮ್ಮಾಗಿ ದಾಖಲಾದರೆ ನಾಳೆ ಬೇರೆ ಬೆರಳಿಗೂ ಅದೇ ನೆಪ ಬರಬಹುದು. ಯಾವ ಕಾಲು, ಎಷ್ಟನೆಯ ಬೆರಳು, ಯಾವ ಕೀಲು ಎಂದು ಬರೆಸಿಕೊಳ್ಳಿ.

ಮುಧೋಳ ನಾಯಿಯೂ ಇದೇ ಬಳಗದ್ದು. ಕಣ್ಣಿನಿಂದ ಬೇಟೆ ಹುಡುಕಿ ಓಡಿ ಹಿಡಿಯುವ ಜಾತಿ, ಉದ್ದ ಬೆರಳು, ತೆಳು ಚರ್ಮ. ಅದರ ಕಾಲೂ ಹೊಲದ ಬದುವಿನಲ್ಲಿ ಹೀಗೆ ಸಿಕ್ಕಿಕೊಳ್ಳಬಹುದು. ಕಟ್ಟು, ಉಗುರು, ನೆಲದ ಬಗ್ಗೆ ಮುಂದೆ ಹೇಳುವುದು ಅದಕ್ಕೂ ಹೊಂದುತ್ತದೆ. ಆದರೆ ಒಂದೇ ದಿಕ್ಕಿಗೆ ಸಾವಿರ ಸಲ ತಿರುಗಿದ ಸವೆತ ಟ್ರ್ಯಾಕ್ ನಾಯಿಯ ಪಾಲು.

ಒಮ್ಮೆ ತಪ್ಪಿದ್ದು ಮತ್ತೆ ಯಾಕೆ ತಪ್ಪುತ್ತದೆ

ಲಿಗಮೆಂಟಿನ ಗಾಯದಲ್ಲಿ ಮೂರು ಹಂತ. ಮೊದಲನೆಯದರಲ್ಲಿ ಕೆಲವೇ ಎಳೆಗಳು ಹರಿದಿರುತ್ತವೆ. ಊತ, ನೋವು ಇದೆ, ಕೀಲು ಬಿಗಿಯಾಗಿಯೇ ಇದೆ. ಎರಡನೆಯದರಲ್ಲಿ ಅರ್ಧಂಬರ್ಧ ಹರಿದು ಕೀಲು ಸ್ವಲ್ಪ ಆಡುತ್ತದೆ. ಮೂರನೆಯದರಲ್ಲಿ ಪಟ್ಟಿ ಪೂರ್ತಿ ಹರಿದಿದೆ, ಅಥವಾ ಎಲುಬಿನ ಚೂರನ್ನೇ ಕಿತ್ತುಕೊಂಡು ಬಂದಿದೆ. ಕೀಲು ತಪ್ಪುವುದು ಬಹುತೇಕ ಈ ಮೂರನೆಯ ಹಂತದಲ್ಲಿ.

ಎಲುಬು ಮುರಿದರೆ ಅದು ಎಲುಬಾಗಿಯೇ ಕೂಡುತ್ತದೆ. ಲಿಗಮೆಂಟ್ ಹಾಗಲ್ಲ. ಹರಿದ ಜಾಗದಲ್ಲಿ ಬೆಳೆಯುವುದು ಗಾಯದ ಕಲೆಯಂಥ ಅಂಗಾಂಶ. ಹಳೆಯ ಪಟ್ಟಿಯಷ್ಟು ಗಟ್ಟಿಯಲ್ಲ, ಮೊದಲ ವಾರಗಳಲ್ಲಿ ಎಳೆದರೆ ಹಿಗ್ಗುತ್ತದೆ. ಹರಿದ ತುದಿಗಳು ದೂರ ಇದ್ದಾಗಲೇ ಅದು ಬೆಳೆದರೆ ಪಟ್ಟಿ ಉದ್ದವಾಗಿಯೇ ಗಟ್ಟಿಯಾಗುತ್ತದೆ. ಮಂಚದ ನವಾರು ಸಡಿಲವಾದ ಮೇಲೆ ಎಷ್ಟು ಸಲ ಹಾಸಿಗೆ ಸರಿಪಡಿಸಿದರೂ ನಡುವೆ ತಗ್ಗು ಬೀಳುತ್ತದಲ್ಲ, ಹಾಗೆ. ಬೆರಳು ಕೂರಿಸುವುದು ಹಾಸಿಗೆ ಸರಿಪಡಿಸುವ ಕೆಲಸ. ತೊಂದರೆ ಇರುವುದು ನವಾರಿನಲ್ಲಿ.

ಪ್ರತಿ ಸಲ ತಪ್ಪಿದಾಗಲೂ ಕೀಲಿನ ಚೀಲ ಇನ್ನಷ್ಟು ಹಿಗ್ಗುತ್ತದೆ, ಮೃದ್ವಸ್ಥಿ ಉಜ್ಜಿ ಸವೆಯುತ್ತದೆ. ಸವೆದ ಕೀಲಿಗೆ ಸಂಧಿವಾತ ಹಿಡಿಯುತ್ತದೆ. ಇದರಲ್ಲಿ ಒಂದು ವಿಚಿತ್ರವೂ ಇದೆ: ಸಂಧಿವಾತದಿಂದ ಗೆಣ್ಣು ದಪ್ಪಗಾಗಿ ಬಿಗಿದುಕೊಂಡು ಕೆಲವು ನಾಯಿಗಳಲ್ಲಿ ಬೆರಳು ತಾನಾಗಿ ತಪ್ಪುವುದನ್ನು ನಿಲ್ಲಿಸುತ್ತದೆ. ಅದಕ್ಕಾಗಿ ಕಾಯುತ್ತ ಕೂರುವುದು ಒಳ್ಳೆಯ ಉಪಾಯವಲ್ಲ. ಅಲ್ಲಿಯವರೆಗಿನ ನೋವನ್ನು ತಿನ್ನುವುದು ನಾಯಿ.

ತಪ್ಪಿದ ಮೊದಲ ಅರ್ಧ ಗಂಟೆ

ಗ್ರೇಹೌಂಡ್ ಸಣ್ಣ ನೋವಿಗೂ ಕೇರಿ ಒಂದಾಗುವಂತೆ ಕಿರುಚುತ್ತದೆ. ಕಿರುಚಾಟದಿಂದ ಗಾಯದ ಅಳತೆ ಮಾಡಬೇಡಿ, ಬೆರಳನ್ನು ನೋಡಿ. ಮೊದಲು ನಾಯಿಯ ಕತ್ತಿಗೆ ಹಗ್ಗ ಹಾಕಿ ನಿಲ್ಲಿಸಿ. ಎಷ್ಟೇ ಸಾಧುವಾದರೂ ನೋವಿನಲ್ಲಿರುವ ನಾಯಿ ಕಚ್ಚಬಹುದು. ಓಟದ ನಾಯಿಗಳಿಗೆ ಬಾಯಿಬುಟ್ಟಿ ರೂಢಿಯಾಗಿರುವುದರಿಂದ ತಕರಾರಿಲ್ಲದೆ ಹಾಕಿಸಿಕೊಳ್ಳುತ್ತವೆ.

ನಮ್ಮಲ್ಲಿ ಕೈ ಉಳುಕಿದರೆ ನೀವಿ, ಎಳೆದು, ಕಟ್ಟು ಹಾಕುವ ನಾಟಿ ವೈದ್ಯರಿದ್ದಾರೆ. ಪುತ್ತೂರು ಕಟ್ಟಿನ ಹೆಸರು ಕೇಳದವರು ಕಡಿಮೆ. ಅದೇ ಧೈರ್ಯದಲ್ಲಿ ನಾಯಿಯ ಬೆರಳನ್ನು ನೀವೇ ಎಳೆಯಬೇಡಿ. ಎಲುಬಿನ ಚೂರು ಎದ್ದಿದ್ದರೆ ಅದು ಕೀಲಿನೊಳಗೆ ಸಿಕ್ಕಿಕೊಳ್ಳುತ್ತದೆ. ಅರ್ಧ ಹರಿದ ಪಟ್ಟಿ ಪೂರ್ತಿ ಹರಿಯುತ್ತದೆ. ಕೆಲವೊಮ್ಮೆ ನಾಯಿ ಕಾಲೂರಿದಾಗ ಬೆರಳು ತಾನೇ ಟಕ್ಕೆಂದು ಒಳಗೆ ಹೋಗುತ್ತದೆ. ಹೋದರೂ ವೈದ್ಯರಿಗೆ ತೋರಿಸಿ, ಪಟ್ಟಿ ಹರಿದಿರುವುದಂತೂ ನಿಜ. ತಪ್ಪಿರುವಾಗಲೇ ಮೊಬೈಲಿನಲ್ಲಿ ಮೇಲಿಂದ ಒಂದು, ಪಕ್ಕದಿಂದ ಒಂದು ಫೋಟೋ ತೆಗೆದುಕೊಂಡರೆ ವೈದ್ಯರಿಗೆ ಬಹಳ ಉಪಕಾರ.

ಐಸನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಒತ್ತಿಡಿ. ಇದರ ಚರ್ಮ ತೆಳು, ಬರಿ ಐಸು ಇಡಬಾರದು. ಚರ್ಮ ಹರಿದು ಒಳಗಿನದು ಕಾಣುತ್ತಿದ್ದರೆ ಶುದ್ಧ ಬಟ್ಟೆ ಮುಚ್ಚಿ ಆಗಿಂದಾಗಲೇ ಆಸ್ಪತ್ರೆಗೆ ಹೊರಡಿ, ಕೀಲಿನೊಳಗೆ ಸೋಂಕು ಹೋದರೆ ಬೆರಳು ಉಳಿಯುವುದು ಕಷ್ಟ. ಮನೆಯಲ್ಲಿರುವ ಐಬುಪ್ರೊಫೆನ್, ಪ್ಯಾರಸಿಟಮಾಲ್ ಮಾತ್ರೆಗಳನ್ನು ಕೊಡಬೇಡಿ. ಮೊದಲನೆಯದು ನಾಯಿಯ ಹೊಟ್ಟೆ, ಮೂತ್ರಪಿಂಡಗಳನ್ನು ಹಾಳುಮಾಡುತ್ತದೆ, ಎರಡನೆಯದರ ಅಳತೆ ತಪ್ಪಿದರೆ ಯಕೃತ್ತಿಗೆ ಪೆಟ್ಟು. ಮೆಲಾಕ್ಸಿಕಾಮ್, ಕಾರ್ಪ್ರೊಫೆನ್‌ನಂಥ ನಾಯಿಯ ಔಷಧಗಳನ್ನು ತೂಕ ನೋಡಿ ವೈದ್ಯರೇ ಕೊಡುತ್ತಾರೆ.

ಎಲ್ಲ ಕುಂಟೂ ಕೀಲಿನದ್ದಲ್ಲ

ವೈದ್ಯರು ಎರಡು ದಿಕ್ಕಿನಿಂದ ಎಕ್ಸ್‌ರೇ ತೆಗೆಯುತ್ತಾರೆ. ಪಕ್ಕದಿಂದ ತೆಗೆಯುವಾಗ ಬೆರಳುಗಳು ಒಂದರ ಮೇಲೊಂದು ಬಿದ್ದು ಏನೂ ಕಾಣದು. ಆದ್ದರಿಂದ ತೊಂದರೆಯ ಬೆರಳನ್ನು ಟೇಪಿನಿಂದ ಎಳೆದು ಬೇರ್ಪಡಿಸುತ್ತಾರೆ. ಬೆರಳು ಕೂತಿದ್ದಾಗ ಮಾಮೂಲಿ ಎಕ್ಸ್‌ರೇ ಸರಿಯಾಗಿಯೇ ಕಾಣಬಹುದು. ಅದಕ್ಕೇ ಮಂಪರು ಕೊಟ್ಟು, ಬೆರಳನ್ನು ಪಕ್ಕಕ್ಕೆ ಒತ್ತಿ ಹಿಡಿದು ಇನ್ನೊಂದು ತೆಗೆಯುತ್ತಾರೆ. ಪಟ್ಟಿ ಹರಿದ ಕಡೆ ಕೀಲು ಬಾಯಿ ಬಿಡುತ್ತದೆ. ಯಾವ ಕಡೆಯ ಪಟ್ಟಿ, ಒಳಗಿನದೋ ಹೊರಗಿನದೋ ಎಂದು ಕೇಳಿಟ್ಟುಕೊಳ್ಳಿ. ಕಟ್ಟು ಹಾಕುವಾಗ ಬೇಕಾಗುತ್ತದೆ.

ಕೀಲು ತಪ್ಪಿದಂತೆ ತೋರುವ ಬೇರೆ ತೊಂದರೆಗಳೂ ಇವೆ. ಉಗುರು ಆಕಾಶ ನೋಡುತ್ತಿದ್ದರೆ ತುದಿಯ ಎಲುಬನ್ನು ಮಡಚುವ ಆಳದ ಸ್ನಾಯುರಜ್ಜು ತುಂಡಾಗಿದೆ. ಗೆಣ್ಣಿನ ಉಬ್ಬು ಇಳಿದು ಬೆರಳು ಚಪ್ಪಟೆಯಾಗಿದ್ದರೆ ಮೇಲುಪದರದ ರಜ್ಜು ಹೋಗಿದೆ. ಬೆರಳುಗಳ ನಡುವಿನ ಚರ್ಮ ಸೀಳಿದ್ದರೂ ನಾಯಿ ಹೀಗೇ ಕಾಲೆತ್ತುತ್ತದೆ.

ಗ್ರೇಹೌಂಡಿನ ಸ್ವಂತ ಆಸ್ತಿ ಎನ್ನಬಹುದಾದ ಇನ್ನೊಂದು ಕಾಯಿಲೆ ಆಣಿ: ಬೆರಳಿನ ಮೆತ್ತೆಯೊಳಗೆ, ಹೆಚ್ಚಾಗಿ 3 ಮತ್ತು 4ರಲ್ಲಿ, ಗಟ್ಟಿ ಚರ್ಮದ ಮೊಳೆ. ಹುಲ್ಲಿನ ಮೇಲೆ ಸರಾಗವಾಗಿ ನಡೆದ ನಾಯಿ ಡಾಂಬರು ಸಿಕ್ಕೊಡನೆ ಕುಂಟಿದರೆ ಮೊದಲು ಮೆತ್ತೆ ಒದ್ದೆಮಾಡಿ ಬೆಳಕಿಗೆ ಹಿಡಿದು ನೋಡಿ; ದುಂಡಗಿನ ಬಿಳಿಚಿದ ಕಲೆ ಕಾಣುತ್ತದೆ.

ಕೊನೆಯದನ್ನು ಹೇಳಲು ಮನಸ್ಸಿಲ್ಲದಿದ್ದರೂ ಹೇಳಬೇಕು. ಈ ತಳಿಗೆ ಎಲುಬಿನ ಕ್ಯಾನ್ಸರ್ ಹೆಚ್ಚು, ಅದು ಹೆಚ್ಚಾಗಿ ಕಾಲಿನ ಉದ್ದ ಎಲುಬುಗಳಿಗೆ ಬರುತ್ತದೆ. ‘ಅದೇ ಹಳೆ ಬೆರಳು’ ಎಂದುಕೊಂಡು ವಾರಗಟ್ಟಲೆ ಕಟ್ಟು ಹಾಕುತ್ತಿರುವಾಗ ಮೇಲೆ ಭುಜದ ಹತ್ತಿರವೋ ಮಣಿಕಟ್ಟಿನ ಮೇಲೋ ಊತ ಬೆಳೆಯುತ್ತಿರಬಹುದು. ಏಳು ವರ್ಷ ದಾಟಿದ ನಾಯಿ ವಿಶ್ರಾಂತಿ, ಔಷಧ ಎರಡಕ್ಕೂ ಬಗ್ಗದೆ ಕುಂಟುತ್ತಿದ್ದರೆ ಇಡೀ ಕಾಲಿನ ಎಕ್ಸ್‌ರೇ ಕೇಳಿ.

ಕಟ್ಟು: ಬಿಗಿಯೂ ಅಲ್ಲ, ಸಡಿಲವೂ ಅಲ್ಲ

ಮೊದಲ ಸಲ ತಪ್ಪಿದ್ದು, ಎಲುಬಿನ ಚೂರಿಲ್ಲ ಎಂದಾದರೆ ಬೆರಳು ಕೂರಿಸಿ ಸುಮಾರು ಆರು ವಾರ ಆಧಾರದ ಕಟ್ಟು ಹಾಕುವುದು ವಾಡಿಕೆ. ಮುಂಗಾಲಿನ ಹಿಂಬದಿಗೆ ಚಮಚದ ಆಕಾರದ ಪ್ಲಾಸ್ಟಿಕ್ ಆಸರೆ ಇಟ್ಟು ಪಾದವನ್ನು ಅದರಲ್ಲಿ ಮಲಗಿಸುತ್ತಾರೆ. ಮೊದಲ ಕಟ್ಟು ಆಸ್ಪತ್ರೆಯದೇ ಆಗಿರಲಿ. ಆಮೇಲಿನವನ್ನು ನೀವು ಬದಲಿಸುವಂತಿದ್ದರೆ ಕ್ರಮ ಹೀಗಿದೆ.

ಪಾದ ಒಣಗಿರಬೇಕು. ಪ್ರತಿ ಎರಡು ಬೆರಳಿನ ನಡುವೆ, ಹೆಬ್ಬೆರಳ ಉಗುರಿನ ಹಿಂದೆ, ಮಣಿಕಟ್ಟಿನ ಹಿಂದಿನ ಸಣ್ಣ ಮೆತ್ತೆಯ ಸುತ್ತ ತೆಳುವಾಗಿ ಹತ್ತಿ. ಕಾಲಿನ ಎರಡು ಪಕ್ಕಕ್ಕೂ ಉದ್ದಕ್ಕೆ ಒಂದೊಂದು ಅಂಟುಪಟ್ಟಿ, ಬೆರಳಿಂದಾಚೆ ನಾಲ್ಕು ಬೆರಳಗಲ ಹೊರಚಾಚಿರಲಿ. ಆಮೇಲೆ ಅದನ್ನು ಮೇಲಕ್ಕೆ ಮಡಚಿ ಅಂಟಿಸಿದರೆ ಕಟ್ಟು ಕಾಲುಚೀಲದಂತೆ ಜಾರುವುದಿಲ್ಲ. ಅದರ ಮೇಲೆ ಮೆತ್ತನೆಯ ಹತ್ತಿಯ ಸುರುಳಿ, ಕೆಳಗಿನಿಂದ ಮೇಲಕ್ಕೆ, ಪ್ರತಿ ಸುತ್ತು ಹಿಂದಿನದರ ಅರ್ಧವನ್ನು ಮುಚ್ಚುವಂತೆ. ಮೇಲಿನಿಂದ ಕೆಳಕ್ಕೆ ಸುತ್ತಿದರೆ ರಕ್ತ ಪಾದದಲ್ಲಿ ನಿಂತು ಊದುತ್ತದೆ. ಆಮೇಲೆ ಆಸರೆ, ಅದರ ಮೇಲೆ ಗಾಜ್ ಬಟ್ಟೆ, ಕೊನೆಗೆ ತನಗೆ ತಾನೇ ಅಂಟಿಕೊಳ್ಳುವ ರಬ್ಬರಿನಂಥ ಪಟ್ಟಿ. ಎಲ್ಲರೂ ತಪ್ಪುವುದು ಈ ಕೊನೆಯ ಪಟ್ಟಿಯಲ್ಲಿ. ಸುರುಳಿಯಿಂದ ನೇರವಾಗಿ ಎಳೆದು ಸುತ್ತಿದರೆ ಅದು ಆಮೇಲೆ ಕುಗ್ಗಿ ಕಾಲನ್ನು ಹಿಸುಕುತ್ತದೆ. ಮೊದಲು ಒಂದಷ್ಟು ಬಿಚ್ಚಿ, ಅದರ ಎಳೆತ ಕಳೆದು, ಆಮೇಲೆ ಹಗುರಾಗಿ ಹಾಸಿದಂತೆ ಸುತ್ತಬೇಕು.

ನಡುವಿನ ಎರಡು ಉಗುರುಗಳ ತುದಿ ಹೊರಗೆ ಕಾಣುವಂತಿರಲಿ. ಬೆಳಿಗ್ಗೆ, ಸಂಜೆ ಅವನ್ನು ನೋಡಿ. ಎರಡೂ ಪಕ್ಕಪಕ್ಕ ಇದ್ದರೆ ಸರಿ. ಒಂದರಿಂದೊಂದು ದೂರ ಸರಿದಿದ್ದರೆ ಒಳಗೆ ಊದಿದೆ, ಕಟ್ಟು ಬಿಗಿಯಾಗಿದೆ ಎಂದರ್ಥ, ತಡಮಾಡದೆ ಬಿಚ್ಚಿ. ಬೆರಳ ತುದಿ ತಣ್ಣಗಾದರೆ, ವಾಸನೆ ಬಂದರೆ, ಒದ್ದೆಯಾದರೆ, ಜಾರಿದರೆ, ಸುಮ್ಮನಿದ್ದ ನಾಯಿ ಇದ್ದಕ್ಕಿದ್ದಂತೆ ಕಟ್ಟನ್ನು ಕಡಿಯತೊಡಗಿದರೆ ಕೂಡ ಹಾಗೆಯೇ. ಗ್ರೇಹೌಂಡಿನ ಚರ್ಮದಡಿ ಕೊಬ್ಬು ಕಡಿಮೆ, ಕಟ್ಟಿನ ಅಂಚು ಒತ್ತಿ ಹುಣ್ಣಾಗುವುದು ಬಲು ಬೇಗ. ಮೊದಲ ವಾರ ಎರಡು ಮೂರು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ ಬದಲಿಸಬೇಕು. ಹೊರಗೆ ಹೋಗುವಾಗ ಮಾತ್ರ ಪ್ಲಾಸ್ಟಿಕ್ ಚೀಲ ಹಾಕಿ (ಖಾಲಿ ಸಲೈನ್ ಚೀಲ ಗಟ್ಟಿಯಾಗಿರುತ್ತದೆ), ಬಂದೊಡನೆ ತೆಗೆಯಿರಿ, ಬೆವರಿಗೂ ಕಟ್ಟು ಕೊಳೆಯುತ್ತದೆ.

ಹಳೆಯ ಸಡಿಲ ಬೆರಳಿಗೆ ವಾಕಿಂಗ್ ಹೊತ್ತಿನಲ್ಲಿ ಮಾತ್ರ ಹಾಕುವ ಇನ್ನೊಂದು ಹಗುರ ಕಟ್ಟಿದೆ: ಪಕ್ಕದ ಬೆರಳಿಗೆ ಜೋಡಿಸುವುದು. 5ನ್ನು 4ಕ್ಕೆ, 2ನ್ನು 3ಕ್ಕೆ. ನಡುವೆ ಗಾಜ್ ಬಟ್ಟೆಯ ಮಡಿಕೆ, ಸುತ್ತ ಸುಮಾರು ಒಂದು ಸೆಂಟಿಮೀಟರ್ ಅಗಲದ ಬಟ್ಟೆಯ ಅಂಟುಪಟ್ಟಿ ಎರಡು ಸುತ್ತು, ಉಗುರಿನ ಬುಡ ಬಿಟ್ಟು. ಮಡಿಕೆ ಎಷ್ಟು ದಪ್ಪ ಎಂಬುದು ಹರಿದ ಪಟ್ಟಿ ಯಾವುದು ಎನ್ನುವುದರ ಮೇಲೆ ನಿಂತಿದೆ. 5ನೆಯ ಬೆರಳಿನ ಒಳಗಿನ ಪಟ್ಟಿ ಹರಿದಿದ್ದರೆ ಬೆರಳು ಹೊರಕ್ಕೆ ವಾಲುತ್ತದೆ. ಆಗ ತೆಳು ಮಡಿಕೆ ಇಟ್ಟು ಒಳಕ್ಕೆ ಎಳೆದು ಕಟ್ಟಬೇಕು. ಹೊರಗಿನ ಪಟ್ಟಿ ಹರಿದಿದ್ದರೆ ಬೆರಳು 4ರ ಕಡೆಗೆ ಬೀಳುತ್ತದೆ. ಆಗ ದಪ್ಪ ಮಡಿಕೆಯೇ ಅದನ್ನು ನೆಟ್ಟಗೆ ನಿಲ್ಲಿಸುತ್ತದೆ. ಇದನ್ನು ತಿರುಗುಮುರುಗು ಮಾಡಿದರೆ ಕಟ್ಟೇ ಬೆರಳನ್ನು ತಪ್ಪಿಸುತ್ತದೆ. ಮನೆಗೆ ಬಂದ ಮೇಲೆ ಬಿಚ್ಚಿಬಿಡಿ. ಇದು ಓಡುವ ನಾಯಿಯನ್ನು ಕಾಯುವ ಕಟ್ಟಲ್ಲ, ನಡೆಯುವ ನಾಯಿಯದ್ದು.

ಕಟ್ಟು ಬಿಚ್ಚಿದ ಮೇಲೆ

ಎರಡನೆಯ ಸಲ ಬೆರಳು ತಪ್ಪಲು ದೊಡ್ಡ ಕಾರಣ ಈ ಹಂತದ ಅವಸರ. ಆರು ವಾರಕ್ಕೆ ಊತ ಇಳಿದಿರುತ್ತದೆ, ನಾಯಿ ಕುಂಟುವುದಿಲ್ಲ, ಹಿತ್ತಲಿಗೆ ಬಿಡುತ್ತಾರೆ. ಹೊಸ ಅಂಗಾಂಶಕ್ಕೆ ಆಗಿನ್ನೂ ಎಳೆತ ತಡೆಯುವ ಶಕ್ತಿ ಬಂದಿರುವುದಿಲ್ಲ. ಮೊದಲ ವಾರ ಕತ್ತಿನ ಹಗ್ಗ ಹಿಡಿದು ಐದು ನಿಮಿಷದ ನಿಧಾನ ನಡಿಗೆ, ದಿನಕ್ಕೆ ಮೂರು ನಾಲ್ಕು ಸಲ. ವಾರಕ್ಕೆ ಐದೈದು ನಿಮಿಷ ಏರಿಸಿ. ನಡಿಗೆಯ ಮರುದಿನ ಕುಂಟಿದರೆ ಹಿಂದಿನ ವಾರದ ಅಳತೆಗೆ ಇಳಿಯಿರಿ. ಗಾಯವಾದ ದಿನದಿಂದ ಎಣಿಸಿ ಸುಮಾರು ಮೂರು ತಿಂಗಳು ಹಗ್ಗ ಬಿಚ್ಚಿ ಓಡಿಸುವುದು ಬೇಡ.

ಬೇಲಿಯೊಳಗಿನ ಓಟವೇ ಇಂಥ ನಾಯಿಗೆ ಹೆಚ್ಚು ಅಪಾಯ. ಟ್ರ್ಯಾಕಿನ ತಿರುವು ಅಗಲ, ಕೆಳಗೆ ಹದ ಮಾಡಿದ ಮರಳು. ಹತ್ತು ಮೀಟರಿನ ಹಿತ್ತಲಲ್ಲಿ ನಾಯಿ ಮೂರೇ ನೆಗೆತಕ್ಕೆ ವೇಗ ಹಿಡಿದು, ಗೋಡೆ ಎದುರಾದೊಡನೆ ಉಗುರೂರಿ ತಿರುಗುತ್ತದೆ. ಒದ್ದೆ ಹುಲ್ಲು, ನಾಯಿ ತಾನೇ ತೋಡಿದ ಗುಂಡಿ, ಹುಲ್ಲು ಮುಗಿದು ಕಾಂಕ್ರೀಟು ಶುರುವಾಗುವ ಅಂಚು, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೆಲ: ಬೆರಳು ಸಿಕ್ಕಿಕೊಳ್ಳುವುದು ಇಂಥಲ್ಲಿ. ಗುಂಡಿ ಮುಚ್ಚಿ. ಓಡಲು ಬಿಡುವುದಾದರೆ ದೊಡ್ಡ ಬಯಲಿನಲ್ಲಿ, ಮೈ ಬಿಸಿಯಾಗುವಷ್ಟು ನಡೆಸಿದ ಮೇಲೆ, ಬೇರೆ ನಾಯಿ ಅಟ್ಟಿಸಿಕೊಂಡು ಬರದಂತೆ ಬಿಡಿ. ಚೆಂಡು ಎಸೆಯಬೇಡಿ, ಅದರ ಹಿಂದೆ ಓಡುವ ನಾಯಿ ನೇರ ಓಡಿ ಗಕ್ಕನೆ ತಿರುಗುತ್ತದೆ.

ಉಗುರು ಒಂದು ಸನ್ನೆಗೋಲು

ಖರ್ಚಿಲ್ಲದ ಚಿಕಿತ್ಸೆ ಇದು, ಆದ್ದರಿಂದಲೇ ಇರಬೇಕು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಉಗುರು ತುದಿಯ ಎಲುಬಿಗೇ ಅಂಟಿದೆ. ಉದ್ದ ಬೆಳೆದರೆ ಪ್ರತಿ ಹೆಜ್ಜೆಗೂ ನೆಲ ಅದನ್ನು ಮೇಲಕ್ಕೂ ಪಕ್ಕಕ್ಕೂ ತಳ್ಳುತ್ತದೆ. ಸನ್ನೆಗೋಲು ಉದ್ದವಾದಷ್ಟೂ ಸಣ್ಣ ಬಲವೂ ದೊಡ್ಡ ಕಲ್ಲನ್ನು ಎಬ್ಬಿಸುತ್ತದೆ. ಇಲ್ಲಿ ಏಳುವ ಕಲ್ಲು ಬೆರಳ ಗೆಣ್ಣು. ಗಟ್ಟಿ ನೆಲದ ಮೇಲೆ ನಿಂತಾಗ ಉಗುರು ನೆಲ ಮುಟ್ಟಬಾರದು. ನಡೆಯುವಾಗ ಟಿಕ್ ಟಿಕ್ ಸದ್ದು ಬಂದರೆ ಉದ್ದವಾಗಿದೆ.

ಗ್ರೇಹೌಂಡುಗಳ ಉಗುರು ಹೆಚ್ಚಾಗಿ ಕಪ್ಪು, ಒಳಗಿನ ಜೀವಭಾಗ ಕಾಣದು. ಒಂದೇ ಸಲ ಗಿಡ್ಡ ಮಾಡಲು ಹೋದರೆ ರಕ್ತ, ಕಿರುಚಾಟ, ಮುಂದಿನ ಸಲ ಕಾಲು ಕೊಡದ ಹಟ. ವಾರಕ್ಕೊಮ್ಮೆ ಒಂದೆರಡು ಮಿಲಿಮೀಟರ್ ಮಾತ್ರ ತೆಗೆಯಿರಿ. ಕತ್ತರಿಸಿದ ಮುಖದ ನಡುವೆ ಗಾಢವಾದ ಚುಕ್ಕೆ ಕಂಡರೆ ನಿಲ್ಲಿಸಿ, ಅದರ ಹಿಂದೆಯೇ ಜೀವಭಾಗವಿದೆ. ವಾರವಾರ ಹೀಗೆ ಮಾಡಿದರೆ ಅದೂ ಹಿಂದೆ ಸರಿಯುತ್ತದೆ. ಉಜ್ಜುವ ಯಂತ್ರ ಬಳಸಿದರೆ ಒಂದು ಉಗುರಿನ ಮೇಲೆ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಿಸಬೇಡಿ, ಕಾದು ಸುಡುತ್ತದೆ. ಸಡಿಲ ಬೆರಳಿನ ಉಗುರು ಕತ್ತರಿಸುವಾಗ ಇನ್ನೊಂದು ಕೈಯಿಂದ ಗೆಣ್ಣಿನ ಎರಡೂ ಪಕ್ಕ ಹಿಡಿದಿರಬೇಕು, ಕತ್ತರಿಯ ತಿರುಚಿಗೇ ಕೀಲು ತಪ್ಪಿದ್ದಿದೆ.

ಮನೆಯೊಳಗೆ ನುಣುಪು ಟೈಲ್ಸ್, ಮರದ ನೆಲ ಇದ್ದರೆ ನಾಯಿ ಓಡಾಡುವ ದಾರಿಗೆ ರಬ್ಬರ್ ತಳದ ಚಾಪೆ ಹಾಸಿ. ಮಂಚದಿಂದ ಧುಮುಕುವ ಜಾಗ, ಮೆಟ್ಟಿಲ ಕೊನೆ, ಬಾಗಿಲ ಬಳಿ ಮೊದಲು. ತೂಕವನ್ನು ಓಟದ ದಿನಗಳದ್ದಕ್ಕಿಂತ ಒಂದೆರಡು ಕಿಲೋ ಹೆಚ್ಚಿಗೆ ನಿಲ್ಲಿಸಿ. ಹಿಂದಿನ ಎರಡು ಮೂರು ಪಕ್ಕೆಲುಬು ತೆಳುವಾಗಿ ಕಾಣುತ್ತಿರಬೇಕು. ಊಟ ಹಾಕುವುದಿಲ್ಲವೇ ಎಂದು ಬೀದಿಯವರು ಕೇಳಿದರೆ ತೂಕ ಸರಿಯಾಗಿದೆ ಎಂದು ತಿಳಿಯಿರಿ.

ಮೂರನೆಯ ಸಲ: ಶಸ್ತ್ರಚಿಕಿತ್ಸೆಯ ಲೆಕ್ಕ

ಹರಿದು ಕೆಲವೇ ದಿನಗಳಾಗಿದ್ದರೆ ಪಟ್ಟಿಯ ತುದಿಗಳನ್ನು ಸೇರಿಸಿ ಹೊಲಿಯಬಹುದು, ಕೀಲಿನ ಚೀಲವನ್ನೂ ಮಡಿಸಿ ಬಿಗಿ ಮಾಡಬಹುದು. ವಾರಗಳು ಕಳೆದರೆ ತುದಿಗಳು ಕುಗ್ಗಿ ಕಲೆಯಲ್ಲಿ ಬೆರೆತು ಹೊಲಿಗೆ ನಿಲ್ಲುವುದಿಲ್ಲ. ಹೀಗಾಗಿ ಪದೇಪದೇ ತಪ್ಪುವ ಹಳೆಯ ಬೆರಳಿಗೆ ಉಳಿಯುವುದು ಎರಡು ದಾರಿ.

ಒಂದು, ಕೀಲನ್ನೇ ಬೆಸೆಯುವುದು. ಮೃದ್ವಸ್ಥಿ ಕೆರೆದು ತೆಗೆದು, ನಾಯಿ ನಿಂತಾಗ ಬೆರಳು ಎಷ್ಟು ಬಾಗಿರುತ್ತದೋ ಅಷ್ಟೇ ಕೋನದಲ್ಲಿ ಎರಡು ಎಲುಬನ್ನು ಸಣ್ಣ ಪ್ಲೇಟು, ಸ್ಕ್ರೂ ಅಥವಾ ತಂತಿಯಿಂದ ಹಿಡಿಸುತ್ತಾರೆ. ಎಲುಬು ಕೂಡಲು ಎಂಟು ವಾರದ ಆಸುಪಾಸು, ಅಷ್ಟೂ ದಿನ ಕಟ್ಟು. ಕೋನ ತಪ್ಪಿದರೆ ಮೆತ್ತೆಯ ಬದಲು ಬೆರಳ ತುದಿ ನೆಲಕ್ಕೆ ಒತ್ತುತ್ತದೆ. ಸ್ಕ್ರೂ ಸಡಿಲವಾದರೆ ಮತ್ತೆ ತೆಗೆಯಬೇಕು. ಭಾರ ಹೊರುವ 3 ಅಥವಾ 4 ತಪ್ಪುತ್ತಿದ್ದರೆ ಈ ಶ್ರಮಕ್ಕೆ ಅರ್ಥವಿದೆ.

ಎರಡು, ಬೆರಳನ್ನು ತೆಗೆಯುವುದು. ಈ ಮಾತು ಕೇಳಿದೊಡನೆ ಮನೆಯವರ ಮುಖ ಬಾಡುತ್ತದೆ. ಆದರೆ 2 ಅಥವಾ 5 ಆಗಿದ್ದು, ಎರಡು ಸಲ ಸರಿಯಾಗಿ ಕಟ್ಟು ಹಾಕಿಯೂ ನಿಲ್ಲದಿದ್ದರೆ ಸಾಕುನಾಯಿಯ ಮಟ್ಟಿಗೆ ಇದೇ ಸರಳ, ಬೇಗ ಮುಗಿಯುವ ಪರಿಹಾರ ಎಂಬುದು ನಮ್ಮ ಅಭಿಪ್ರಾಯ. ಹೊಲಿಗೆ ಬಿಚ್ಚುವುದು 10ರಿಂದ 14 ದಿನಕ್ಕೆ. ನಾಲ್ಕರಲ್ಲಿ ಮೂರು ಬೆರಳು ಉಳಿದ ಪಾದದಲ್ಲಿ ನಾಯಿ ನಡೆಯುವುದಷ್ಟೇ ಅಲ್ಲ, ಓಡುತ್ತದೆ. ತುದಿಯ ಕೀಲು ಮಾತ್ರ ಕೆಟ್ಟಿದ್ದರೆ ಉಗುರಿನ ಎಲುಬಷ್ಟನ್ನೇ ತೆಗೆದು ಮೆತ್ತೆ ಉಳಿಸಿಕೊಳ್ಳಲೂ ಬರುತ್ತದೆ. 3 ಅಥವಾ 4 ತೆಗೆದರೆ ಪಕ್ಕದ ಬೆರಳಿಗೆ ಭಾರ ಹೆಚ್ಚುತ್ತದೆ, ಅಲ್ಲಿ ಆಣಿ ಏಳುವುದನ್ನು ಕಾದು ನೋಡಬೇಕು.

ಅರಿವಳಿಕೆಗೆ ಮುನ್ನ ಕೇಳಬೇಕಾದ ಮಾತು

ಗ್ರೇಹೌಂಡ್ ಕಡಿಮೆ ಇರುವ ಊರಿನ ಆಸ್ಪತ್ರೆಯಾದರೆ ಈ ಸಂಗತಿಗಳನ್ನು ನೀವೇ ಎತ್ತಿ. ಈ ತಳಿಯ ಯಕೃತ್ತು ಕೆಲವು ಔಷಧಗಳನ್ನು ನಿಧಾನವಾಗಿ ಕರಗಿಸುತ್ತದೆ, ಮೈಯಲ್ಲಿ ಕೊಬ್ಬೂ ಕಡಿಮೆ. ಥಯೋಪೆಂಟಾಲ್‌ನಂಥ ಹಳೆಯ ಅರಿವಳಿಕೆ ಕೊಟ್ಟರೆ ಎಚ್ಚರವಾಗಲು ಬಹಳ ಹೊತ್ತು ಹಿಡಿಯುತ್ತದೆ. ಮೈ ಬೇಗ ತಣ್ಣಗಾಗುತ್ತದೆ, ಬೆಚ್ಚಗಿಡುವ ಏರ್ಪಾಡು ಬೇಕು. ರಕ್ತಪರೀಕ್ಷೆಯಲ್ಲಿ ಕೆಂಪು ಕಣಗಳ ಪ್ರಮಾಣ ಬೇರೆ ನಾಯಿಗಳಿಗಿಂತ ಹೆಚ್ಚು, ಪ್ಲೇಟ್‌ಲೆಟ್ ಕಡಿಮೆ, ಥೈರಾಯ್ಡ್ ಹಾರ್ಮೋನ್ ಕಡಿಮೆ. ಇವು ಈ ತಳಿಗೆ ಸಹಜ, ರೋಗವಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ತಡವಾಗಿ ಬರುವ ರಕ್ತಸ್ರಾವ. ಶಸ್ತ್ರಚಿಕಿತ್ಸೆಯ ದಿನ ಎಲ್ಲ ಸರಿಯಿರುತ್ತದೆ. ಒಂದೆರಡು ದಿನ ಕಳೆದ ಮೇಲೆ ಗಾಯ ಜಿನುಗತೊಡಗುತ್ತದೆ, ಕಾಲಿನುದ್ದಕ್ಕೂ ನೀಲಿಗಟ್ಟುತ್ತದೆ. ರಕ್ತ ಹೆಪ್ಪುಗಟ್ಟದೆ ಹೀಗಾಗುವುದಲ್ಲ, ಕಟ್ಟಿದ ಹೆಪ್ಪು ಬೇಗ ಕರಗಿಹೋಗಿ ಆಗುವುದು. ಅದಕ್ಕೇ ಹೆಪ್ಪುಗಟ್ಟುವಿಕೆಯ ಮಾಮೂಲಿ ಪರೀಕ್ಷೆಗಳಲ್ಲಿ ಏನೂ ತಪ್ಪು ಕಾಣುವುದಿಲ್ಲ. ಬೆರಳು ತೆಗೆದಾಗ ಈ ಅಪಾಯವಿದೆ. ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲ ಅಥವಾ ಅಮೈನೊಕಪ್ರೊಯಿಕ್ ಆಮ್ಲವನ್ನು ಶಸ್ತ್ರಚಿಕಿತ್ಸೆಯ ದಿನದಿಂದಲೇ ಕೆಲವು ದಿನ ಕೊಡುವ ರೂಢಿ ಅದಕ್ಕಾಗಿ ಬಂದಿದೆ. ಕೊಡುತ್ತೀರಾ ಎಂದು ಮೊದಲೇ ಕೇಳಿ. ಮನೆಗೆ ಕರೆತಂದ ಮೇಲೆ ನಾಲ್ಕು ದಿನ ಬೆಳಿಗ್ಗೆ, ಸಂಜೆ ಕಟ್ಟಿನ ಮೇಲಂಚಿನ ಚರ್ಮ ನೋಡಿ. ನೀಲಿ ಬಣ್ಣ ಕಂಡರೆ ಪೆನ್ನಿನಿಂದ ಅದರ ಅಂಚಿಗೆ ಗೆರೆ ಎಳೆಯಿರಿ, ಗಂಟೆಯ ನಂತರ ಬಣ್ಣ ಗೆರೆ ದಾಟಿದ್ದರೆ, ಅಥವಾ ಒಸಡು ಬಿಳಿಚಿದ್ದರೆ, ರಾತ್ರಿಯಾದರೂ ಆಸ್ಪತ್ರೆಗೆ ಫೋನು ಮಾಡಿ.